ಜೆಟ್ಟಿಗೆ ಕಟ್ಟಿದ ಹಗ್ಗ

"ತಲೆ ಯಾರ್‌ಗಾಕ್ದೆ? ಯೋಳೇ ಬೋಸುಡಿ, ಮೀನಿನ್ ತಲೆ ಯಾರ್ ತಟ್ಟೆಗಾಕ್ದೆ?"

ತಟ್ಟೆ ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಗಿ ಅಡುಗೆಮನೆಯ ತಗಡಿಗೆ ಬಡಿಯಿತು. ಅನ್ನ, ತೆಂಗಿನ ಹಾಲಿನ ಸಾರು, ಒಂದು ಮೀನಿನ ಬಾಲ, ಇಷ್ಟೂ ನನ್ನ ಹೆಗಲ ಮೇಲೆ ಬಿದ್ದು ಅಲ್ಲಿಂದ ನೆಲಕ್ಕಿಳಿಯಿತು. ಎಸೆದವರು ಸಾಮಾನ್ಯರಲ್ಲ, ಆರೋಫಾ ಪ್ರಾಂತ್ಯದ ಸಭೆಯ ಮಾನ್ಯ ಸದಸ್ಯರಾದ ಸುಗು. ಉಂಡವರಿಗೆ ಎಸೆಯಲು ಶಕ್ತಿ ಜಾಸ್ತಿ.

ಅವರ ಸಿಟ್ಟಿಗೂ ಕಾರಣವಿತ್ತು. ನಮ್ಮ ಕಡೆ ಮೀನಿನ ತಲೆ ದೊಡ್ಡವರ ಪಾಲು. ಆ ದಿನ ಬಲೆಗೆ ಬಿದ್ದದ್ದು ಒಂದೇ ದೊಡ್ಡ ಮೀನು, ಪಾಪ, ಅದಕ್ಕಿದ್ದದ್ದು ಒಂದೇ ತಲೆ. ಉಣ್ಣಲು ಕೂತವರು ಎಂಟು ಜನ. ಅವರಲ್ಲಿ ನಾಳೆ ಪ್ರೀಮಿಯರ್ ಆಗಿ ಪ್ರಾಂತ್ಯ ಆಳುವವನು ಆಲ್ಫೋನ್ಸ್ ಬಿಲಿಕಿ ಎಂದು ಮೊದಲೇ ತೀರ್ಮಾನವಾಗಿತ್ತು. ಅವನಿಗೆ ಹಲ್ಲುನೋವು, ತಲೆ ಬೇಡವೆಂದ. ನಾನು ಅದನ್ನು ಪಕ್ಕದವರ ತಟ್ಟೆಗೆ ಹಾಕಿದೆ. ನಾನೇನು ಕಂಡಿದ್ದೆ? ಉಳಿದ ಏಳು ಜನರನ್ನೂ ಮರದ ಕಂಪನಿಯವರು ಒಬ್ಬೊಬ್ಬರಾಗಿ ಬಾಳೆಗಿಡದ ಹಿಂದಕ್ಕೆ ಕರೆದು 'ನೀನೇ ಉಪ ಪ್ರೀಮಿಯರ್, ಯಾರಿಗೂ ಹೇಳಬೇಡ' ಎಂದು ಮಾತು ಕೊಟ್ಟಿದ್ದರಂತೆ. ತಲೆ ಹೋದ ಕಡೆಗೇ ಪದವಿಯೂ ಹೋಯಿತೆಂದು ಆರು ಜನ ಏಳನೆಯವನನ್ನು ತಿನ್ನುವ ಹಾಗೆ ನೋಡತೊಡಗಿದರು. ನನ್ನ ಸೌಟಿನಿಂದ ಒಂದು ಸರಕಾರವೇ ಬಿದ್ದುಹೋಗುವುದರಲ್ಲಿತ್ತು.

ಕ್ಲಿಫ್ಟನ್ ಓಡಿ ಬಂದ. ಅವನು ಆ ಕಂಪನಿಯ ಏಜೆಂಟು, ದೂರದ ರಾಜಧಾನಿ ಹೊನಿಯಾರಾ ಪೇಟೆಯಲ್ಲಿ ಹುಟ್ಟಿ ಬೆಳೆದವನು, ಮಲಗುವಾಗಲೂ ಬೂಟು ಬಿಚ್ಚದವನು.

"ಮಾನ್ಯರೇ, ಮಾನ್ಯರೇ! ಅಡುಗೆಯವಳಿಗೆ ರಾಜಕೀಯ ಏನ್ ಗೊತ್ತಾಗುತ್ತೆ ಬಿಡಿ. ನಾಳೆಯಿಂದ ಎಲ್ಲರಿಗೂ ಒಂದೊಂದ್ ತಲೆ ನನ್ನ ಜವಾಬ್ದಾರಿ." ಎಲ್ಲರ ಕೈಗೂ ಒಂದೊಂದು ಬಿಯರ್ ಡಬ್ಬಿ ಕೊಟ್ಟು ನನ್ನ ಕಡೆ ತಿರುಗಿದ. "ಏಯ್, ನೀನು. ನೆಲ ಒರೆಸು. ನಿನ್ನ ಮೈನೂ ತೊಳ್ಕೊ, ವಾಸನೆ."

ನೆಲ ಒರೆಸಿದೆ. ಮಾನ್ಯರು ಕಾಲೆತ್ತಿ ಜಾಗ ಮಾಡಿಕೊಟ್ಟರು, ಅಷ್ಟು ಮರ್ಯಾದೆ ಉಂಟು.

ಇದಕ್ಕೆ ಕ್ಯಾಂಪು ಎನ್ನುತ್ತಾರೆ. ಜನ ವೋಟು ಹಾಕಿ ಹದಿನೈದು ಮೆಂಬರುಗಳನ್ನು ಆರಿಸುತ್ತಾರೆ. ಅಲ್ಲಿಗೆ ಜನರ ಕೆಲಸ ಮುಗಿಯಿತು. ಪ್ರೀಮಿಯರನ್ನು ಆರಿಸುವುದು ಆ ಹದಿನೈದು ಜನ, ಬಾಗಿಲು ಮುಚ್ಚಿಕೊಂಡು, ಚೀಟಿ ಹಾಕಿ. ಆ ದಿನ ಬರುವವರೆಗೆ ಮೆಂಬರನ್ನು ಬಿಚ್ಚಿ ಬಿಟ್ಟರೆ ಬೇರೆಯವರು ಹೊಡೆದುಕೊಂಡು ಹೋಗುತ್ತಾರೆ, ಹಂದಿ ಹೋದ ಹಾಗೆ. ಅದಕ್ಕೇ ಈ ಎಂಟು ಜನರನ್ನು ಫೌಲೋ ನಡುಗಡ್ಡೆಯ ಗೆಸ್ಟ್‌ಹೌಸಿಗೆ ತಂದು, ಫೋನುಗಳನ್ನು ಕಿತ್ತು ಅಕ್ಕಿ ಚೀಲಕ್ಕೆ ತುಂಬಿ, ಮೇಯಿಸುತ್ತಿದ್ದರು. ಉಳಿದ ಏಳು ಜನರನ್ನು ಸಭೆ ಸೇರುವ ಲಾಕೆಟಾ ಪೇಟೆಯಲ್ಲಿ ಇನ್ನೊಂದು ಮರದ ಕಂಪನಿ ಮೇಯಿಸುತ್ತಿತ್ತು. ನಾವು ನಾಲ್ಕು ಹೆಂಗಸರು ಎಂಟು ಜನರ ಅನ್ನ ಬೇಯಿಸಿ, ವಾಂತಿ ಬಳಿದು, ಹಾಸಿಗೆ ಒಗೆಯುತ್ತಿದ್ದೆವು.

ಯಾವನು ಪ್ರೀಮಿಯರ್ ಆದರೆ ನನಗೇನು ಎಂದು ನಾನೂ ಸುಮ್ಮನಿರಬಹುದಿತ್ತು. ಆದರೆ ಯಾವ ಕಣಿವೆಯ ಮರ ಕಡಿಯಬಹುದು ಎನ್ನುವ ಕಾಗದಕ್ಕೆ ರುಜು ಹಾಕುವ ಕೈ ಪ್ರೀಮಿಯರನದು, ಮತ್ತು ಈ ಸಲದ ಕಣಿವೆ ನಮ್ಮದು. ಉಲಾಫು. ನನ್ನ ಅಜ್ಜಿ ನೆಟ್ಟ, ಬಾದಾಮಿಯಂಥ ನಾಲಿ ಕಾಯಿಯ ಮರಗಳು ಅಲ್ಲಿವೆ, ನಾವು ಕುಡಿಯುವ ಹಳ್ಳ ಅಲ್ಲಿದೆ, ನನ್ನ ಅವ್ವ ಅಲ್ಲೇ ಮಣ್ಣಾಗಿದ್ದಾಳೆ. ಪಕ್ಕದ ಕಣಿವೆಗೆ ಕಂಪನಿ ಹೋಗಿಬಂದಿದೆ. ಈಗ ಅಲ್ಲಿನವರು ಚಹಾದಂಥ ನೀರು ಕುಡಿಯುತ್ತಾರೆ. ಮೂವರು ಹುಡುಗಿಯರ ಕಂಕುಳಲ್ಲಿ ಅಪ್ಪನ ಹೆಸರಿಲ್ಲದ ಕೂಸುಗಳಿವೆ.

ಈ ಆಲ್ಫೋನ್ಸ್ ಯಾರೋ ಹೊರಗಿನವನಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಅವನು ನನ್ನ ದೊಡ್ಡಪ್ಪನ ಮಗ. ಹೆತ್ತವಳು ಸತ್ತ ಮೇಲೆ ನನ್ನ ಅವ್ವನ ಎದೆಹಾಲು ಕುಡಿದು ಬೆಳೆದವನು. ನೆಲ ಒರೆಸಿ ಎದ್ದಾಗ ಅವನು ವರಾಂಡದಲ್ಲಿ ಲವಂಗ ಕಚ್ಚಿಕೊಂಡು ಕೂತಿದ್ದ. ಧೈರ್ಯ ಮಾಡಿದೆ.

"ಅಣ್ಣ, ಉಲಾಫು ಒಂದ್ ಬುಟ್ಬುಡೋಕೆ ಯೋಳಣ್ಣ. ಬ್ಯಾರೆ ಕಾಡಿಲ್ವಾ?"

"ನಿಂಗ್ ತಿಳ್ಯಾಕಿಲ್ಲ ಕಣಮ್ಮಿ ಎಲ್ಸಿ. ರೋಡಾಯ್ತದೆ. ಆಸ್ಪತ್ರೆ ಆಯ್ತದೆ."

"ಪಕ್ಕದ್ ಕಣಿವೇಲಿ ಯಾವ್ ಆಸ್ಪತ್ರೆ ಆಯ್ತು?"

"ಬಾಯ್ ಜಾಸ್ತಿ ಆಯ್ತು ನಿಂದು."

"ಅವ್ವನ್ ಗುಂಡಿ ಅಲ್ಲೇ ಅದೆ, ಅಣ್ಣ."

ಅವನು ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದ. "ಎತ್ತಿ ಬ್ಯಾರೆ ಕಡೆ ಮಡಗಾಣ. ಮೂಳೆಗೆ ಎಲ್ಲಾದ್ರೇನು? ಅದೇನ್ ಕಿಟಕಿ ಕೇಳ್ತದಾ?"

ಸುಗು ಬಿಯರ್ ಉಗುಳುವಷ್ಟು ನಕ್ಕರು. ಆಲ್ಫೋನ್ಸನಿಗೆ ತನ್ನ ಹಾಸ್ಯ ತನಗೇ ಹಿಡಿಸಿತು. "ಓಗು, ನನ್ ಬಿಳೀ ಸರ್ಟು ಇಸ್ತ್ರಿ ಮಾಡೋಗು. ನಾಳೆ ಪ್ರಮಾಣವಚನ ಅದೆ."

ಇಸ್ತ್ರಿ ಮಾಡಿದೆ. ಕಾಲರು ಕೂಡ ಗಟ್ಟಿಯಾಗಿ ನಿಲ್ಲುವ ಹಾಗೆ ಮಾಡಿದೆ. ಆಮೇಲೆ ಪಾತ್ರೆ ತಿಕ್ಕುವಾಗ ಟಾಲೆಯಾ ಅತ್ತೆಗೆ ಎಲ್ಲ ಹೇಳಿ ಕಣ್ಣೀರು ಹಾಕಿದೆ. ಟಾಲೆಯಾ ನನ್ನ ಅಪ್ಪನ ತಂಗಿ, ನಮ್ಮ ನಾಲ್ವರಲ್ಲಿ ಹಿರಿಯಳು. ಅವಳು ಅಡಿಕೆಗೆ ಸುಣ್ಣ ಹಚ್ಚುತ್ತಾ ಪೂರ್ತಿ ಕೇಳಿದಳು.

"ಕಿಟಕಿ ಕೇಳ್ತದಾ ಅಂದ್ನಾ?"

"ಊಂ."

"ನಮ್ ವಂಸದ್ ಮುಂಡೇಮಗ." ಕೆಂಪಗೆ ಉಗಿದಳು. "ನಿನ್ನವ್ವನ್ ಲಂಗ ಒಂದ್ ಮಡಗಿದ್ದಲ್ಲ, ಅದೆಯಾ? ತಗಂಬಾ. ನಿನ್ನವೂ ತಗಂಬಾ. ಎಲ್ರವೂ ಬೇಕು."

ಮುದುಕಿಗೆ ತಲೆ ಕೆಟ್ಟಿತು ಎಂದುಕೊಂಡೆ. ಅವಳು ಹೇಳಿ ಮುಗಿಸಿದ ಮೇಲೆ ಹೋಗಿ ನನ್ನ ಬಟ್ಟೆಯ ಗಂಟು ಬಿಚ್ಚಿದೆ.

ಬೆಳಗ್ಗೆ ಪಾದ್ರಿಗಳು ಬಂದರು. ಅವರಿಗೂ ಕಂಪನಿಯದೇ ದೋಣಿ, ಕಂಪನಿಯದೇ ತಿಂಡಿ. ಎಂಟು ಜನ ವರಾಂಡದಲ್ಲಿ ಕಣ್ಣು ಮುಚ್ಚಿ ನಿಂತರು. "ಸ್ವಾಮೀ, ಈ ಎಂಟು ಕುರಿಮರಿಗಳನ್ನು ನೀನೇ ದಡ ಸೇರಿಸು" ಎಂದು ಪಾದ್ರಿಗಳು ಶುರುಮಾಡಿದರು. ಪಾದ್ರಿಗಳ ಪ್ರಾರ್ಥನೆ ಉದ್ದ, ನಮಗೆ ಅಷ್ಟು ಹೊತ್ತು ಸಾಕಾಯಿತು. ಆಮೆನ್ ಹೇಳಿ ಕುರಿಮರಿಗಳು ಕಣ್ಣು ಬಿಟ್ಟು, ಬೂಟು ಮೆಟ್ಟಿ, ಪೌಡರು ಬಡಿದುಕೊಂಡು ದೋಣಿ ಹತ್ತುವ ಜೆಟ್ಟಿಯ ಕಡೆ ಬಂದವು. ಬಂದು ನಿಂತವು.

ಜೆಟ್ಟಿಯ ಎರಡು ದೀಪದ ಕಂಬಗಳಿಗೆ ಎತ್ತರದಲ್ಲಿ ಅಡ್ಡ ಹಗ್ಗ ಬಿಗಿದಿದ್ದೆವು. ಹಗ್ಗದ ತುಂಬ ನಮ್ಮ ಲಂಗಗಳು, ಒಳಲಂಗಗಳು, ತೂತು ಬಿದ್ದವು, ತೇಪೆ ಹಾಕಿದವು, ಎಲ್ಲ ಗಾಳಿಗೆ ಹಾರಾಡುತ್ತಿದ್ದವು. ಹಗ್ಗದ ಆಚೆ ನಾವು ನಾಲ್ವರು.

"ಏನಿದು? ಬಟ್ಟೆ ಒಣಗಿಸೋಕೆ ಬೇರೆ ಜಾಗ ಸಿಗಲಿಲ್ವಾ?" ಎಂದು ಕ್ಲಿಫ್ಟನ್ ಗದರಿದ. "ನಡೀರಿ ಮಾನ್ಯರೇ, ಬಗ್ಗಿ ನಡೀರಿ."

ಯಾರೂ ಅಲುಗಲಿಲ್ಲ. ಅವನಿಗೆ ಹೇಗೆ ಗೊತ್ತಾಗಬೇಕು? ನಮ್ಮ ದ್ವೀಪದಲ್ಲಿ ಹೆಂಗಸಿನ ಬಟ್ಟೆ ಗಂಡಸಿನ ತಲೆಗಿಂತ ಮೇಲೆ ಇರಕೂಡದು. ಅದರ ಕೆಳಗೆ ಹಾದ ಗಂಡಸು ಕೆಟ್ಟ. ಅವನ ಜೊತೆ ಕೂತು ಯಾರೂ ಉಣ್ಣುವುದಿಲ್ಲ, ಅವನ ಮಾತನ್ನು ಯಾರೂ ಮಾತೆಂದು ಎಣಿಸುವುದಿಲ್ಲ. ಬಟ್ಟೆ ನೇತುಹಾಕಿದ ಹೆಂಗಸು ಹಂದಿ, ಚಿಪ್ಪಿನ ಸರ ದಂಡ ತೆರಬೇಕು. ಚರ್ಚು ಬಂತು, ಸ್ಕೂಲು ಬಂತು, ಇದು ಮಾತ್ರ ಹೋಗಲಿಲ್ಲ. ನಾವು ಹುಟ್ಟಿದಾಗಿನಿಂದ ಲಂಗವನ್ನು ಅಡುಗೆಮನೆಯ ಹಿಂದೆ ಮೊಣಕಾಲೆತ್ತರದಲ್ಲಿ, ಕದ್ದ ಮಾಲಿನ ಹಾಗೆ ಒಣಗಿಸಿಕೊಂಡು ಬಂದವರು. ಮಳೆಗಾಲದಲ್ಲಿ ಒಣಗದ ಲಂಗವನ್ನೇ ಉಟ್ಟು ತುರಿಸಿಕೊಂಡವರು. ಬಿಸಿಲಲ್ಲಿ ಅವು ಹಾಗೆ ಎತ್ತರದಲ್ಲಿ ಹಾರಾಡುವುದನ್ನು ನೋಡಿ ನನಗೆ ಭಯವೂ ಆಯಿತು, ಹೇಳಲಾಗದಷ್ಟು ಖುಷಿಯೂ ಆಯಿತು.

ಕ್ಲಿಫ್ಟನ್ ಚಾಕು ತೆಗೆದ.

"ಮುಟ್ಬ್ಯಾಡ್ರೀ!" ಸುಗು ಕಿರುಚಿದರು. "ನೀವ್ ಅದ್ನ ಮುಟ್ಟುದ್ರೆ ನಿಮ್ ದೋಣಿಗ್ ನಾವ್ ಅತ್ತಾಕಿಲ್ಲ. ನಿಮ್ ಕೈಯಿಂದ ಒಂದ್ ಲೋಟ ನೀರೂ ಕುಡ್ಯಾಕಿಲ್ಲ."

"ತಮಾಷೆನಾ? ಮೂರು ವಾರ ನನ್ನ ಕೈಯಿಂದ ಏನೇನೆಲ್ಲ ಕುಡಿದ್ರಿ!"

"ಅದ್ ಬ್ಯಾರೆ, ಇದ್ ಬ್ಯಾರೆ."

"ಜೆಟ್ಟಿ ಕೆಳಗೆ ನೀರಲ್ಲಿ ಹೋಗಿ ಹಂಗಾದ್ರೆ!"

ಅದಕ್ಕೆ ಟಾಲೆಯಾ ಅತ್ತೆ ನಿಧಾನವಾಗಿ ಜೆಟ್ಟಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. "ಬನ್ರಪ್ಪ, ಬನ್ನಿ. ನನ್ ಕಾಲ್‌ಸಂದಿ ಕೆಳ್ಗೆ ನುಸ್ಕಂಡೋಗಿ. ನಿಮ್ಮವ್ವಂದಿರ ಎರಿಗೆ ಮಾಡ್ಸಿದ್ ಕೈ ಇದು, ನಾಚ್ಕೆ ಯಾಕೆ?"

ಬಲಗಡೆ ಎಡಗಡೆ ಎರಡೂ ಕಡೆ ಕಾಂಡ್ಲಾ ಗಿಡಗಳ ಕೆಸರು. ನೀರು ಇಳಿದಿದ್ದರಿಂದ ದೋಣಿ ಹತ್ತಿರ ಬರುವಂತಿರಲಿಲ್ಲ. ಸುಗು ಪ್ಯಾಂಟು ಮಡಚಿ ಕೆಸರಿಗಿಳಿದರು. ತೊಡೆಯವರೆಗೆ ಹೂತರು. ಅಷ್ಟರಲ್ಲಿ ಯಾರೋ "ಮೊಸಳೆ" ಎಂದರು, ನಾನಂತೂ ಅಲ್ಲ. ಮಾನ್ಯರು ಒಂದೇ ಬೂಟಿನಲ್ಲಿ ಮೇಲೆ ಬಂದರು.

ಹತ್ತು ಗಂಟೆಗೆ ಸಭೆಯ ಬಾಗಿಲು ಮುಚ್ಚುತ್ತದೆ. ಆಗ ಒಳಗಿಲ್ಲದ ಉಮೇದುವಾರನ ಹೆಸರು ಬಿದ್ದುಹೋಗುತ್ತದೆ. ಕ್ಲಿಫ್ಟನ್ ಗಡಿಯಾರ ನೋಡಿ ಆಲ್ಫೋನ್ಸನ ತೋಳು ಹಿಡಿದ. "ನೀವೊಬ್ರಾದ್ರೂ ಹೋಗಿ ಸಭೆ ತಡೀರಿ. ಇವರನ್ನ ನಾನು ಹೊತ್ಕೊಂಡಾದ್ರೂ ತರ್ತೀನಿ. ಇಲ್ದಿದ್ರೆ ಎಲ್ಲ ಹೋಯ್ತು."

ಆಲ್ಫೋನ್ಸ್ ಹಗ್ಗದ ಹತ್ತಿರ ಬಂದ. ನಾನು ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

"ಎಲ್ಸಿ, ತಗ್ಯಮ್ಮಿ. ನಾನ್ ನಿನ್ನಣ್ಣ."

"ಅದ್ಕೇ ಕಟ್ಟಿರಾದು. ನಡೂಮದ್ಯ ನೋಡು, ನೀಲಿ ಊವಿಂದು. ಗುರ್ತು ಸಿಗ್ತದಾ? ಅವ್ವಂದು. ಅದ್ನ ಇಡ್ಕಂಡೇ ನೀನು ನಡಿಯಾದ್ ಕಲ್ತಿದ್ದು. ಅವ್ಳ ಗುಂಡಿ ಎತ್ತಿಡ್ತೀನಿ ಅಂದ್ಯಲ್ಲ, ಮೊದ್ಲು ಇದ್ರ ಕೆಳ್ಗೆ ದಾಟು."

ಅವನು ಲಂಗವನ್ನು ನೋಡಿದ. ತುಟಿ ಅದುರಿತು. ಆಗ ನಾನು ಗೆದ್ದೆ ಎಂದುಕೊಂಡೆ. ಹಿಂದೆ ತಿರುಗಣ್ಣ, ತಿರುಗು, ನಾನೇ ನಿನಗೆ ಬಿಸಿ ಅನ್ನ ಹಾಕುತ್ತೇನೆ ಎಂದು ಒಳಗೊಳಗೇ ಬೇಡಿಕೊಂಡೆ.

ಅವನು ಕಣ್ಣು ಮುಚ್ಚಿ, ಬಗ್ಗಿ, ದಾಟಿದ.

ಅವನ ಹಿಂದೆ ಉಳಿದ ಏಳು ಜನ ಒಟ್ಟಿಗೇ ಹಿಂದಕ್ಕೆ ಸರಿದರು. ಇಷ್ಟು ದಿನ ಅವನ ತಟ್ಟೆಯ ಪಕ್ಕ ಕೂರಲು ಜಗಳವಾಡಿದವರು. ಪಾದ್ರಿಗಳು ಬೈಬಲನ್ನು ಎದೆಗೆ ಒತ್ತಿಕೊಂಡರು. ನನಗೆ ನಗು ಬರಲಿಲ್ಲ, ಎದೆ ಒಡೆದುಹೋಯಿತು. ಅವ್ವ ಎರಡನೇ ಸಲ ಸತ್ತಳು ಅನ್ನಿಸಿತು.

ದೋಣಿ ನಡೆಸುವ ಮೋಫಾತ್ ಅವನ ಮುಖ ನೋಡದೆ ಹೇಳಿದ: "ಮುಂದ್ಗಡೆ ಕುತ್ಕಳಿ. ನನ್ ಕಡೆ ತಿರುಗ್ಬ್ಯಾಡಿ. ಏನ್ನೂ ಮುಟ್ಬ್ಯಾಡಿ." ದೋಣಿ ಹೋಯಿತು.

ಮುಂದಿನದನ್ನು ಅಡುಗೆಮನೆಯ ರೇಡಿಯೋ ಹೇಳಿತು. ಲಾಕೆಟಾದಲ್ಲಿ ಇನ್ನೊಂದು ಕ್ಯಾಂಪಿನ ಏಳು ಜನ ಬೆಳಗಿನಿಂದ ಸುಮ್ಮನೆ ಕೂತಿದ್ದರಂತೆ. ಒಳಗೆ ಎಂಟು ಜನ ಇಲ್ಲದೆ ಸಭೆ ಸೇರುವಂತಿಲ್ಲ, ಅದು ಕಾನೂನು. ಯಾರೂ ಹೋಗದೆ ಇದ್ದಿದ್ದರೆ ಚುನಾವಣೆಯೇ ಮುಂದಕ್ಕೆ ಹೋಗುತ್ತಿತ್ತು, ಕ್ಲಿಫ್ಟನ್ ಇನ್ನೊಂದು ವಾರ ಮೇಯಿಸಿ ಬೇರೆ ದಾರಿ ಹುಡುಕುತ್ತಿದ್ದ. ಗುಮಾಸ್ತ ಬಾಗಿಲು ಹಾಕಲು ಏಳುವಾಗ ನಮ್ಮ ಅಣ್ಣ ಬಿಳಿ ಅಂಗಿ ತೊಟ್ಟು ಒಳಗೆ ಕಾಲಿಟ್ಟ. ಎಂಟಾಯಿತು. ಬಾಗಿಲು ಮುಚ್ಚಿತು. ಆ ಕ್ಯಾಂಪಿನ ಉಮೇದುವಾರ ಡಿಕ್ಸನ್ ಮೇಷ್ಟರಿಗೆ ಏಳು ವೋಟು, ಆಲ್ಫೋನ್ಸ್ ಬಿಲಿಕಿಗೆ ಒಂದು.

ಕ್ಲಿಫ್ಟನ್ ರೇಡಿಯೋವನ್ನು ಬೂಟುಗಾಲಿನಲ್ಲಿ ತುಳಿದ. ನಮ್ಮನ್ನು ಕೆಲಸದಿಂದ ಕಿತ್ತುಹಾಕಿದೆ ಎಂದ. ಪೊಲೀಸು ಎಂದ. ಏಳು ಮಾನ್ಯರು ಒಬ್ಬೊಬ್ಬರಿಗೂ ಒಂದೊಂದು ಹಂದಿ ದಂಡ ಬೇಕೆಂದು ವರಾಂಡದಲ್ಲಿ ಕೂತರು. ನಾವು ಜೆಟ್ಟಿ ಬಿಟ್ಟು ಕದಲಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಲಾಕೆಟಾ ಕಡೆಯಿಂದ ದೊಡ್ಡ ದೋಣಿ ಬಂತು. ಮುಂದೆ ಹೂವಿನ ಹಾರ ಹಾಕಿಕೊಂಡು ಡಿಕ್ಸನ್ ಮೇಷ್ಟರು, ನಮ್ಮ ಹೊಸ ಪ್ರೀಮಿಯರು. ಪಕ್ಕದಲ್ಲಿ ಬೂಟು ಹಾಕಿದ ಒಬ್ಬ, ಅವರ ಕಂಪನಿಯವನು. ಆಲ್ಫೋನ್ಸ್ ಅದರಲ್ಲಿರಲಿಲ್ಲ. ಅವನನ್ನು ಯಾರು ಹತ್ತಿಸಿಕೊಂಡಾರು?

"ತಾಯಂದ್ರೇ!" ಮೇಷ್ಟರು ದೋಣಿಯಿಂದಲೇ ಕೈ ಮುಗಿದರು. "ಪ್ರಾಂತ್ಯದ ಮಾನ ಉಳ್ಸಿದ್ರಿ. ಅಗ್ಗ ಬಿಚ್ಚಿ, ಒಳಕ್ ಬತ್ತೀವಿ. ನಿಮ್ಗೊಂದ್ ಸನ್ಮಾನ ಮಾಡಾಣ."

ನಾನು ಜೆಟ್ಟಿಯ ತುದಿಗೆ ಹೋದೆ. "ಮೇಷ್ಟ್ರೇ, ಉಲಾಫು ಕಾಗ್ದಕ್ಕೆ ರುಜು ಆಕಾಕಿಲ್ಲ ಅಂತ ಅಲ್ಲಿಂದ್ಲೇ ಕೂಗೇಳಿ. ಎಲ್ರಿಗೂ ಕೇಳ್ಲಿ."

ಮೇಷ್ಟರು ಪಕ್ಕದವನ ಕಡೆ ನೋಡಿದರು. ಅವನು ಬೂಟು ನೋಡಿಕೊಂಡ.

"ಅದೆಲ್ಲಾ ಕೂತ್ ಮಾತಾಡಾ ಇಸ್ಯ ಕಣವ್ವ. ಮೊದ್ಲು ಅಗ್ಗ ಬಿಚ್ಚಿ."

ನಾನು ವಾಪಸು ಬಂದೆ. ಹಗ್ಗದಲ್ಲಿ ಒಂದು ಕಡೆ ಸ್ವಲ್ಪ ಜಾಗ ಉಳಿದಿತ್ತು. ಸೊಂಟಕ್ಕೆ ಸುತ್ತಿ ಉಟ್ಟಿದ್ದ ಲಾವಲಾವಾ ಬಟ್ಟೆ ಬಿಚ್ಚಿ, ಕೊಡವಿ, ಅಲ್ಲಿಗೆ ಹಾಕಿದೆ. ಒಳಲಂಗದಲ್ಲೇ ಎಲ್ಲರ ಕಡೆ ತಿರುಗಿ ನಿಂತೆ, ಗಾಳಿ ಕಾಲಿಗೆ ತಣ್ಣಗೆ ಬೀಸುತ್ತಿತ್ತು. ಟಾಲೆಯಾ ಅತ್ತೆ ಎದ್ದು ಬಂದು ಕಂಬದ ಗಂಟನ್ನು ಇನ್ನೂ ಬಿಗಿಯಾಗಿ ಎಳೆದಳು.