ಮಾತಿನ ಪೀಠಿಕೆ

ಧಾರಾವಾಹಿಗೆ ಸಂಭಾಷಣೆ ಬರೆಯಲು ಸೇರಿದ ದಿನವೇ ನಿರ್ದೇಶಕರು ಆಕೆಗೆ ತಾಕೀತು ಮಾಡಿದ್ದರು: "ಪಾತ್ರ ಫೋನ್ ಎತ್ತಿದ ತಕ್ಷಣ ವಿಷಯಕ್ಕೆ ಬರ್ಬೇಕು. ಹೇಗಿದ್ದೀರಾ, ಊಟ ಆಯ್ತಾ, ಫೋನ್ ಇಡ್ಲಾ ಅಂತ ಕೂತ್ರೆ ಜನ ಚಾನೆಲ್ ಬದಲಾಯಿಸ್ತಾರೆ." ಅಂಥ ಮಾತುಗಳನ್ನು ಕತ್ತರಿಸಿ ಕತ್ತರಿಸಿ ಆಕೆಗೆ ಅದೇ ಚಾಳಿಯಾಯಿತು. ಮನೆಯಲ್ಲೂ ಯಾರಾದರೂ ಮಾತಿಗೆ ಪೀಠಿಕೆ ಹಾಕಿದರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಆವತ್ತು ಬೆಳಿಗ್ಗೆ ಸ್ಟುಡಿಯೋಗೆ ಹೊರಟಾಗ ಅಕ್ಕನ ಫೋನ್ ಬಂತು. ಅಕ್ಕ ಟೈಲರ್, ಊರಿನ ಇನ್ನೊಂದು ತುದಿಯಲ್ಲಿ ಒಬ್ಬಳೇ ಇದ್ದಳು.

"ತಿಂಡಿ ಆಯ್ತೇನೇ? ಅಲ್ಲೂ ಇಷ್ಟೇ ಸೆಕೆನಾ?"

"ಅಕ್ಕಾ, ವಿಷಯ ಹೇಳು."

"ಏನಿಲ್ಲ ಬಿಡು. ಸುಮ್ನೆ ಮಾಡ್ದೆ."

ಇವಳು ಫೋನನ್ನು ಚೀಲಕ್ಕೆ ತುರುಕಿ ಓಡಿದಳು.

ಸ್ಟುಡಿಯೋದಲ್ಲಿ ಅತ್ತೆಯ ಪಾತ್ರದ ಹಿರಿಯ ನಟಿ ಒಂದೇ ಸಾಲಿಗೆ ಮತ್ತೆ ಮತ್ತೆ ಮುಗ್ಗರಿಸುತ್ತಿದ್ದರು. ಒಳಗೆ ಬಂದವರೇ ಸೊಸೆಗೆ "ಈ ಮನೆ ಮಾರಿಬಿಟ್ಟೆ" ಅನ್ನಬೇಕಿತ್ತು.

"ಇಷ್ಟು ದೊಡ್ಡ ಮಾತನ್ನ ಹೀಗೆ ಎತ್ತಿ ಹಾಕಕ್ಕಾಗುತ್ತೇನಮ್ಮಾ?" ಎಂದರು ಸಾಲು ಬರೆದ ಆಕೆಗೆ. "ಮೊದ್ಲು ನೀರು ಕೇಳ್ತೀನಿ, ಮಗು ಮಲಗ್ತಾ ಅಂತೀನಿ. ಧೈರ್ಯ ಬರೋವರೆಗೂ ಬಾಯಿಗೆ ಏನಾದ್ರೂ ಬೇಕಲ್ಲ!"

ಆಕೆಗೆ ಅಕ್ಕನ ಫೋನ್ ನೆನಪಾಯಿತು. ಬೆಳಗಿನ ಹೊತ್ತು ತಲೆ ಎತ್ತದೆ ಹೊಲಿಯುವ ಅಕ್ಕ ಸುಮ್ಮನೆ ಫೋನ್ ಮಾಡುವವಳಲ್ಲ. ತಿರುಗಿ ಮಾಡಿದರೆ ರಿಂಗಾಯಿತೇ ಹೊರತು ಎತ್ತಲಿಲ್ಲ. ಕಾರಿಡಾರಿನಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಅಡ್ಡಾಡಿದಳು. ಕೊನೆಗೆ ನಿರ್ದೇಶಕರು ಕೂಗುತ್ತಿದ್ದರೂ ಕೇಳದವಳಂತೆ ಬಸ್ಸು ಹತ್ತಿದಳು.

ಬಾಗಿಲು ತೆರೆದ ಅಕ್ಕ, "ಅಯ್ಯೋ, ಈ ಬಿಸಿಲಲ್ಲಿ ಬಂದ್ಯಾ? ಮೊದ್ಲು ನೀರು ಕುಡಿ" ಎಂದಳು. ಮೇಲ್ಮನೆಯವರ ರೇಡಿಯೋ, ಸೋರುವ ನಲ್ಲಿ, ಗುಂಡಿ-ದಾರದ ಅಂಗಡಿಯವನ ಜಂಬ, ಎಲ್ಲ ಬಂದುಹೋದವು. ಇವಳು ನಾಲಗೆ ತುದಿಯ ಪ್ರಶ್ನೆಯನ್ನು ನುಂಗಿಕೊಂಡು "ಹೂಂ, ಆಮೇಲೆ?" ಎನ್ನುತ್ತ ಕೂತಳು. ಅಕ್ಕ ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು.

"ನಿನ್ನೆಯಿಂದ ಎಡಗಣ್ಣಿಗೆ ಪರದೆ ಎಳೆದ ಹಾಗಿದೆ ಕಣೇ. ಒಬ್ಬಳೇ ಆಸ್ಪತ್ರೆಗೆ ಹೋಗಕ್ಕೆ ಭಯ."

"ಏಳು, ಚಪ್ಪಲಿ ಹಾಕ್ಕೋ."

ಡಾಕ್ಟರು ಅಂದೇ ಆಪರೇಷನ್ ಮಾಡಿದರು. ತಡವಾಗಿದ್ದರೆ ಕಣ್ಣೇ ಹೋಗುತ್ತಿತ್ತು ಎಂದರು. ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಾಗ, ಪಕ್ಕದ ಮುದುಕರು "ನಿಮ್ಮೋರು ಯಾರಮ್ಮ ಒಳಗಿರೋದು?" ಎಂದಷ್ಟಕ್ಕೇ ಆಕೆಗೆ ಅಳು ಬಂತು.

ದೃಷ್ಟಿ ಪೂರ್ತಿ ಮರಳಲಿಲ್ಲ. ಅಕ್ಕ ತಲೆ ಓರೆ ಮಾಡಿಕೊಂಡು ಹೊಲಿಯುವುದನ್ನು ಕಲಿತಳು. ಹೊಲಿಗೆ ಮಾತ್ರ ನೇರವಾಗಿಯೇ ಬರುತ್ತದೆ.