ತೊಳೆದುಬಿಟ್ಟ ಕಾರ್ಡು

"ಒತ್ತಿದ್ರೂ ಬಿಚ್ಚಿಕೊಳ್ತಿಲ್ವಲ್ಲ ಇದು!" ಎಂದು ಪಾಪಣ್ಣ ಮೌಸನ್ನು ಇನ್ನೊಮ್ಮೆ ಟಕಟಕ ಎನ್ನಿಸಿದ.

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಅವನದೊಂದು ಮೊಬೈಲ್ ಅಂಗಡಿ. ಕರೆನ್ಸಿ ಹಾಕಿಸುವವರು, ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವವರು ದಿನವಿಡೀ ಮುತ್ತಿಕೊಂಡಿರುತ್ತಿದ್ದರು. ಆವತ್ತು ಬಾಗಿಲು ತೆಗೆಯುವ ಮುಂಚೆಯೇ ಬಂದು ಕಾದಿದ್ದವನು ಕೆಂಚಣ್ಣ, ಕುರಿ ಮೇಯಿಸುವ ಹಟ್ಟಿಯವನು. ಹೆಗಲ ಕಂಬಳಿಯನ್ನೂ ಇಳಿಸದೆ ತಾನು ತಂದ ಕಾರ್ಡು ಹಾಕಿದ್ದ ಕಂಪ್ಯೂಟರಿನ ಪರದೆಯನ್ನೇ ನುಂಗುವಂತೆ ನೋಡುತ್ತಿದ್ದ. ಪರದೆಯ ಮೇಲೆ ಹಳದಿ ಬಣ್ಣದ ಒಂದೇ ಒಂದು ಫೋಲ್ಡರು, ಅದರ ಕೆಳಗೆ ಇಂಗ್ಲಿಷಿನಲ್ಲಿ ವೀಡಿಯೋಸ್ ಅಂತ ಹೆಸರು. ಅದರೊಳಗೆ ಅವನ ಮಗಳಿದ್ದಳು.

"ನಮ್ ಕೂಸಿಂದು. ವಸಿ ನಿಧಾನಕ್ಕೆ ನೋಡ್ರಿ," ಎಂದ ಕೆಂಚಣ್ಣ.

ಕೆಂಚಣ್ಣ ಮಗಳ ಮುಖ ನೋಡಿರಲಿಲ್ಲ. ಸ್ವಂತ ಮಗಳ ಮುಖವನ್ನು, ಒಂದೇ ಒಂದು ಸಲವೂ! ಅವರ ಹಟ್ಟಿಯಲ್ಲಿ ಹೆತ್ತವಳು ಕೂಸಿನ ಸಮೇತ ಹೊರಗಿನ ಗುಡಿಸಲಲ್ಲಿರಬೇಕು. ಸೂತಕ ಕಳೆದು, ತೊಳೆದು ಬಳಿದು, ಮಿಂದು ಮಡಿಯಾಗುವ ತನಕ ಗಂಡನಾದವನೂ ಹತ್ತಿರ ಸುಳಿಯುವಂತಿಲ್ಲ. ಅವನು ದಿನಾ ದೂರದ ಹೊಂಗೆಮರದ ಕೆಳಗೆ ನಿಲ್ಲುತ್ತಿದ್ದ, ಹೆಂಡತಿ ಚಂದ್ರಕ್ಕ ಅಲ್ಲಿಂದಲೇ ಕೂಸನ್ನೆತ್ತಿ ತೋರಿಸುತ್ತಿದ್ದಳು. ಕಾಣುತ್ತಿದ್ದುದು ಬಟ್ಟೆಯ ಸುತ್ತು ಮಾತ್ರ. "ಫೋನಿನಾಗೆ ತೆಗೆದಿಟ್ಟೀನಿ, ನಿದ್ದೆಗಣ್ಣಾಗೆ ನಗಾದೂ ಐತೆ. ಹೊರಗೆ ಬಂದ ಮ್ಯಾಲೆ ನೋಡೀವಂತೆ," ಎಂದು ಒಂದು ದಿನ ಕೂಗಿ ಹೇಳಿದ್ದಳು. ಗುಡಿಸಲಿನ ಯಾವ ವಸ್ತುವೂ ಸೂತಕ ಕಳೆಯದೆ ಹೊರಗೆ ಬರುವ ಹಾಗಿಲ್ಲ, ಫೋನೂ ಅಷ್ಟೆ.

ಆಮೇಲೆ ಜಡಿಮಳೆ ಹಿಡಿಯಿತು. ಗುಡಿಸಲು ಸೋರಿತು. ಕೂಸಿಗೆ ಶೀತವಾಗಿ ಉಸಿರು ಮೇಲುಮೇಲಕ್ಕೆ ಬಂತು. ಆಸ್ಪತ್ರೆಗೆ ಯಾರು ಎತ್ತಿಕೊಂಡು ಹೋಗಬೇಕು ಎಂಬ ಮಾತು ಮುಗಿಯುವಷ್ಟರಲ್ಲಿ ಕೂಸೇ ಇರಲಿಲ್ಲ. ಮಣ್ಣು ಮಾಡುವಾಗಲೂ ಹಿರಿಯರು ಅವನನ್ನು ಹೊಂಗೆಮರದ ಕೆಳಗೇ ನಿಲ್ಲಿಸಿದರು. ಅವನು ನಿಂತ. ಹಾಳಾದವನು, ನಿಂತುಬಿಟ್ಟ! ಮಳೆಯಲ್ಲಿ ನೆನೆದ ಫೋನು ಸತ್ತುಹೋಗಿತ್ತು, ಅದರೊಳಗಿನ ಕಾರ್ಡು ಮಾತ್ರ ಉಳಿದಿತ್ತು. ಚಂದ್ರಕ್ಕ ಮಿಂದು ಮನೆಗೆ ಬಂದವಳೇ ಅದನ್ನು ಗಂಡನ ಕೈಗಿಟ್ಟು, "ಮೊದ್ಲು ನೀನು ನೋಡು," ಎಂದಿದ್ದಳು.

ಪಾಪಣ್ಣ ಫೋಲ್ಡರಿನ ಮೇಲೆ ಬಲಗಡೆಯ ಗುಂಡಿ ಒತ್ತಿ ಏನನ್ನೋ ಓದಿ, ತೊಡೆ ತಟ್ಟಿಕೊಂಡ. "ಅಯ್ಯೋ ಇದರ ಮನೆ ಹಾಳಾಗ! ಇದು ಫೋಲ್ಡರೇ ಅಲ್ಲ ಕಣಪ್ಪ, ಇ-ಎಕ್ಸ್-ಇ."

"ಹಂಗಂದ್ರೆ?"

"ನೋಡು, ಫೈಲು ಅಂದ್ರೆ ಎಲ್ಲಾ ಒಂದೇ ಜಾತಿ ಅಲ್ಲ. ಫೋಟೋ, ಹಾಡು, ವೀಡಿಯೋ ಇವೆಲ್ಲ ಪಾಪದವು, ಇಟ್ಟಲ್ಲೇ ಬಿದ್ದಿರ್ತವೆ. ಯಾರಾದ್ರೂ ತೆಗೆದು ತೋರಿಸಿದ್ರೆ ಉಂಟು, ಇಲ್ಲದಿದ್ರೆ ಇಲ್ಲ. ಈ ಇ-ಎಕ್ಸ್-ಇ ಹಂಗಲ್ಲ. ಮುಟ್ಟಿದ್ರೆ ಸಾಕು, ತಾನೇ ಎದ್ದು ಕೆಲಸ ಶುರು ಹಚ್ಕಂತೈತೆ. ಹಂಗಂತ ಎಲ್ಲವೂ ಕೆಟ್ಟವಲ್ಲ, ವೀಡಿಯೋ ತೋರಿಸೋದೂ ಇದೇ ಜಾತಿ. ಆದ್ರೆ ಇದು ವೈರಸ್ಸು. ಫೋಲ್ಡರ್ ವೇಷ ಹಾಕ್ಕಂಡು ಕುಂತೈತೆ, ನಾನೂ ಬೆಪ್ಪನಂಗೆ ಒತ್ತಿಬಿಟ್ಟೆ ನೋಡು."

ಅವನು ಅದನ್ನು ಅಳಿಸಿದ. ಪರದೆ ಬೆಳ್ಳಗೆ ಬರಿದಾಯಿತು. "ಒಳಗೆ ಇನ್ನೇನೂ ಕಾಣಾಕಿಲ್ಲ. ಆದ್ರೂ ಇದರ ಬೇರು ಉಳಿದಿರ್ತೈತೆ. ಈ ಕಾರ್ಡು ಯಾವುದಕ್ಕೆ ತಾಗಿದ್ರೂ ಅದಕ್ಕೂ ಅಂಟ್ಕಂತೈತೆ. ಫಾರ್ಮ್ಯಾಟ್ ಹೊಡಿಲಾ?"

"ಹೊಡೆದ್ರೆ ಏನಾಗ್ತೈತೆ?"

"ತೊಳೆದಂಗೆ. ಶುದ್ಧ ಆಗ್ತೈತೆ."

ಕೆಂಚಣ್ಣನಿಗೆ ಅಷ್ಟು ಹೊತ್ತಿನಲ್ಲಿ ಅರ್ಥವಾದ ಮಾತು ಅದೊಂದೇ. ತಾಗಿದರೆ ಅಂಟಿಕೊಳ್ಳುವುದು, ತೊಳೆದರೆ ಕಳೆಯುವುದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ತೊಳೆಯುವ ತನಕ ನೋಡುವಂತಿಲ್ಲ, ತೊಳೆದ ಮೇಲೆ ಯಾರು ಬೇಕಾದರೂ ನೋಡಬಹುದು. ಇಷ್ಟೇನಾ, ಎಂದು ಅವನ ಎದೆ ಹಗುರಾಯಿತು.

"ತೊಳೆದುಬಿಡ್ರಿ," ಎಂದ.

ಪಾಪಣ್ಣ ತೊಳೆದ. ಖಾಲಿ ಕಾರ್ಡು ವಾಪಸ್ ಕೊಡುವ ರೂಢಿ ಅವನ ಅಂಗಡಿಯಲ್ಲಿರಲಿಲ್ಲ, ಹಾಗಾಗಿ ಕೇಳುವ ಗೋಜಿಗೂ ಹೋಗದೆ ಕಾರ್ಡಿನ ತುಂಬ ಹಾಡು ಹಾಕಿದ. ಕೆಂಚಣ್ಣ ಕಂಬಳಿ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದ.

"ಈಗ ತೋರಿಸ್ರಿ."

"ಏನನ್ನ?"

"ಕೂಸನ್ನ."

ಪಾಪಣ್ಣ ನಕ್ಕೇಬಿಟ್ಟ. "ಅದೆಲ್ಲೈತಪ್ಪ ಈಗ? ಎಲ್ಲಾ ಹೋತು. ಕೂಸಿಂದು ತಾನೇ, ಇವತ್ತು ಸಂಜೆ ಇನ್ನೊಂದು ತಕ್ಕಂಡ್ರಾತು ಬಿಡು."

ಕೆಂಚಣ್ಣ ಗೋಡೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದ. ಇನ್ನೊಂದು ತೆಗೆದುಕೊಳ್ಳಬೇಕಂತೆ! ಎಲ್ಲಿಂದ?

ಅವನಿನ್ನೂ ಕೂತಿರುವಾಗಲೇ ಪ್ರೈಮರಿ ಶಾಲೆಯ ಟೀಚರು ಬರಗೇರಮ್ಮ ತಮ್ಮ ಕಾರ್ಡು ತಂದುಕೊಟ್ಟರು. ಅದರಲ್ಲೂ ಹಾಗೇ ಆಗಿತ್ತು, ವೇಷ ಹಾಕಿಕೊಂಡು ಕೂತ ಅದೇ ಇ-ಎಕ್ಸ್-ಇ.

"ಮೇಡಂ, ನಿಮ್ದೂ ಹೋಗೈತೆ. ಫಾರ್ಮ್ಯಾಟ್ ಮಾಡ್ತೀನಿ," ಎಂದ ಪಾಪಣ್ಣ.

"ಏಯ್, ತಡಿಯಪ್ಪ! ಫಾರ್ಮ್ಯಾಟ್‌ಗೀರ್ಮ್ಯಾಟ್ ಅಂದೀಯಾ ಜ್ವಾಕೆ. ಶಾಲೇಲೂ ಇದೇ ಆಗಿತ್ತು. ಅದು ಏನನ್ನೂ ತಿನ್ನಲ್ಲ, ನಮ್ ಫೋಲ್ಡರ್ ಬಚ್ಚಿಟ್ಟು ತಾನು ಆ ಜಾಗದಾಗೆ ಕೂರ್ತೈತೆ. ಸರಿ ಅತ್ಲಾಗೆ," ಎಂದು ಬರಗೇರಮ್ಮ ಒಳಗೆ ಬಂದು ತಾವೇ ಮೌಸ್ ಹಿಡಿದರು. ಎರಡು ಕಡೆ ಒತ್ತಿ, ಬಚ್ಚಿಟ್ಟದ್ದನ್ನೂ ತೋರಿಸು ಎನ್ನುವ ಕಡೆ ಗುರುತು ಹಾಕಿದರು. ವೇಷ ಹಾಕಿದ ಫೋಲ್ಡರಿನ ಪಕ್ಕದಲ್ಲೇ ಮಸುಕುಮಸುಕಾಗಿ ಒಂದು ಹಳದಿ ಫೋಲ್ಡರು ಮೂಡಿತು. ಅದನ್ನು ಬಿಚ್ಚಿದರೆ ಅವರ ತಂಗಿಯ ಸೀಮಂತದ ಫೋಟೋಗಳು, ಹಸಿರು ಬಳೆ, ಮಡಿಲಕ್ಕಿ ಎಲ್ಲ ಇದ್ದ ಹಾಗೇ ಇದ್ದವು.

ಕೆಂಚಣ್ಣ ಎದ್ದು ನಿಂತಿದ್ದ.

"ನಂದೂ ಹಿಂಗೇ ಇತ್ತಾ?" ಎಂದು ಕೇಳಿದ. "ನೀವು ತೊಳೆಯೋ ಮುಂಚೆ ನಮ್ ಕೂಸು ಅದರೊಳಗೇ ಇತ್ತಾ, ಪಾಪಣ್ಣ?"

ಬರಗೇರಮ್ಮ ಇಬ್ಬರ ಮುಖವನ್ನೂ ನೋಡಿ, "ತೊಳೆದ್ರೂ ವಾಪಸ್ ತರಬೋದು ಕಣಪ್ಪ, ಮ್ಯಾಲೆ ಬೇರೆ ಏನೂ ಹಾಕದಿದ್ರೆ," ಎಂದರು. ಆಗ ಪಾಪಣ್ಣ, "ಹಾಡು ತುಂಬಿಬಿಟ್ಟೆ ಮೇಡಂ, ಪೂರ್ತಿ," ಎಂದು ತಲೆ ತಗ್ಗಿಸಿದ. ಆದರೂ ಮಧ್ಯಾಹ್ನದ ತನಕ ಗಿರಾಕಿಗಳನ್ನು ಹೊರಗೇ ನಿಲ್ಲಿಸಿ ಏನೇನೋ ಹಾಕಿ ಹುಡುಕಿದ. ಏನೂ ಸಿಗಲಿಲ್ಲ. ಕೊನೆಗೆ, "ಕೂಸಿಂದು ಇನ್ನೊಂದು ವೀಡಿಯೋ ತೆಗೆಯಾಕೆ ಆಗಲ್ವೇನಣ್ಣ?" ಎಂದು ಮೆಲ್ಲಗೆ ಕೇಳಿದಾಗ ಕೆಂಚಣ್ಣ, "ಕೂಸಿಲ್ಲ," ಎಂದ. ಪಾಪಣ್ಣ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಅವನನ್ನು ಬೈಯಲೂ ಕೆಂಚಣ್ಣನಿಗೆ ಆಗಲಿಲ್ಲ. ತೊಳೆದುಬಿಡ್ರಿ ಅಂದದ್ದು ಯಾರು?

ಹಾಲುರಾಮೇಶ್ವರದ ಕಡೆಯ ಬಸ್ಸು ಹಿಡಿದು ಅವನು ಹಟ್ಟಿಗೆ ಬಂದಾಗ ಇನ್ನೂ ಬಿಸಿಲಿತ್ತು. ಚಂದ್ರಕ್ಕ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದವಳು ಅವನನ್ನು ಕಂಡು ಅಲ್ಲೇ ನಿಂತಳು. "ನೋಡಿದ್ಯಾ?"

ಇಲ್ಲ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. "ನೋಡ್ದೆ. ಒಂದ್ಸಲ ಕಾಣ್ತು. ಆಮ್ಯಾಲೆ ಕಾರ್ಡು ಕೆಟ್ಟೋತು, ಇನ್ನು ಬರಾಕಿಲ್ಲ."

"ಬಿಡು. ನೀನಾದ್ರೂ ನೋಡಿದ್ಯಲ್ಲ, ಅಷ್ಟು ಸಾಕು," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹತ್ತಿರ ಬಂದು, ಯಾರಿಗೂ ಕೇಳಿಸಬಾರದೆನ್ನುವಂತೆ, "ಹೆಂಗಿತ್ತು ಹೇಳು. ನಂಗೆ ಮಖಾನೇ ಮರ್ತು ಹೋಗ್ತೈತೆ. ಕಣ್ಣು ಮುಚ್ಚಿದ್ರೆ ಬರೀ ಆ ಒದ್ದೆ ಬಟ್ಟೆ ಕಾಣ್ತೈತೆ," ಎಂದಳು.

ಅವಳು ಕಣ್ಣು ಮುಚ್ಚಿ ಕಾಯುತ್ತಿದ್ದಳು. ಅವನು ಅವಳ ಮುಖವನ್ನೇ ನೋಡುತ್ತ ಒಂದೊಂದಾಗಿ ಹೇಳತೊಡಗಿದ.

"ಹಣೆ ಅಗಲ. ಹುಬ್ಬು ತೆಳ್ಳಗೆ ಇಳಿದಿತ್ತು, ಹಿಂಗೆ. ಮೂಗು ಗಿಡ್ಡ. ಗದ್ದದಾಗೆ ಒಂದು ಸಣ್ಣ ಗುಳಿ."

"ಗುಳಿ ಇತ್ತಾ?"

"ಇತ್ತು."

"ಹೂಂ," ಎಂದಳು ಚಂದ್ರಕ್ಕ, ಕಣ್ಣು ತೆರೆಯದೆ. "ಹೌದು, ಇತ್ತು. ಇನ್ನೂ ಹೇಳು."