ಮೂರನೆಯ ತೊಟ್ಟಿ

ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆ, ದೀಪ ಆರುವುದಿಲ್ಲ, ಶೌಚದ ತೊಟ್ಟಿ ತುಂಬಿದರೆ ಕೂಗುವ ಗೋಡೆಯ ಪೆಟ್ಟಿಗೆಯ ಮೇಲೆ ಕೆಂಪಗೆ ಉರಿಯುತ್ತಲೇ ಇದೆ — ಉರಿ, ಉರಿದುಕೋ, ಊರಿಗೆ ಊರೇ ಚರ್ಚಿನಲ್ಲಿ ಕೂತು ಹಾಡು ಹೇಳುತ್ತಿರುವ ಹೊತ್ತಿನಲ್ಲಿ ನಾನು ಗಂಡ ಹಾರ್ಲನ್‌ನ ಹಳೆಯ ಪ್ಯಾಂಟು ಹಾಕಿಕೊಂಡು ಹಿತ್ತಲ ಹುಲ್ಲಿನ ಮೇಲೆ ಬೋರಲು ಮಲಗಿ ತೊಟ್ಟಿಯ ಮುಚ್ಚಳದ ತಿರುಪು ಬಿಚ್ಚುತ್ತಿದ್ದೇನೆ, ಒಂದು ತುಕ್ಕು ಹಿಡಿದು ಕೂತಿದೆ, ಹಿಡಿಯದೆ ಏನು, ಹಾರ್ಲನ್ ಅದಕ್ಕೆ ಎಣ್ಣೆ ಹಾಕುತ್ತೇನೆ ಎಂದು ಹೇಳಿ ಎರಡು ಬೇಸಿಗೆ ಕಳೆಯಿತು, ಈಗ ಕೇಳಿದರೆ ಅಲ್ಲಿ ಹೊಗೆಗೂಡಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತವನು ಬ್ರಿಸ್ಕೆಟ್ ಬಿಟ್ಟು ಬರೋಕಾಗಲ್ಲ ಡಾರ್ಲಿಂಗ್ ಎನ್ನುತ್ತಾನೆ, ರಾತ್ರಿಯಿಂದ ಹೊಗೆಯಲ್ಲಿ ಮಲಗಿರುವ ಮಾಂಸ ಎದ್ದು ಓಡಿಹೋಗುತ್ತದೆಯೇ, ಹೋಗುವುದಾದರೆ ನನ್ನನ್ನೂ ಕರೆದುಕೊಂಡು ಹೋಗಲಿ. ಕೈ ಮೇಲೆ ಬೆಂಕಿಯಿರುವೆ, ಒಂದಲ್ಲ, ಇಡೀ ಸಂಸಾರ, ಪೆಟ್ಟಿಗೆಯೊಳಗೆ ಗೂಡು ಕಟ್ಟಿವೆ, ಅವಕ್ಕೂ ಕರೆಂಟಿನ ಕಾವು ಬೇಕು. ಮಧ್ಯಾಹ್ನ ಚರ್ಚು ಬಿಟ್ಟ ಕೂಡಲೇ ಹೆಂಗಸರೆಲ್ಲ ಇಲ್ಲಿಗೇ ಬರುತ್ತಾರೆ, ಅತ್ತೆಯ ಹುಟ್ಟುಹಬ್ಬ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮುಚ್ಚಿದ ಪಾತ್ರೆ, ಒಬ್ಬೊಬ್ಬರ ಹೊಟ್ಟೆಯಲ್ಲೂ ಎರಡು ಲೋಟ ಸಿಹಿ ಚಹಾ, ಬಂದವರು ಮೊದಲು ಕೇಳುವುದು ಬಾತ್‌ರೂಮ್ ಎಲ್ಲಿ ಎಂದು, ಅಲ್ಲೋ ಮನೆಯಲ್ಲಿ ಹನಿ ನೀರು ಬಿಡುವ ಹಾಗಿಲ್ಲ, ಹಾರ್ಲನ್ನಿಗೇನು, ಖುಷಿಯಿಂದ ಕೊಟ್ಟಿಗೆಯ ಹಿಂದೆ ಹೋಗಿ ಬರುತ್ತಾನೆ, ಚರ್ಚಿನ ಸುದ್ದಿಯನ್ನೆಲ್ಲ ಹಂಚುವ ಫ್ರೀಡಾ ಪಿಕೆಟ್‌ಗೆ ಕೊಟ್ಟಿಗೆ ತೋರಿಸಲೇ.

ಪೇಟೆಯವರಿಗೆ ಇದು ಅರ್ಥವಾಗುವುದಿಲ್ಲ. ಅವರು ಒತ್ತುತ್ತಾರೆ, ಹೋಗುತ್ತದೆ, ಮುಗಿಯಿತು. ಊರಾಚೆ ಇರುವ ನಮಗೆ ಯಾವುದೂ ಹೋಗುವುದಿಲ್ಲ, ಮೊದಲ ತೊಟ್ಟಿಯಲ್ಲಿ ಗಟ್ಟಿ ತಳಕ್ಕೆ ಕೂರುತ್ತದೆ, ಎರಡನೆಯದರಲ್ಲಿ ಗಾಳಿಪಂಪು ಹಗಲಿರುಳು ಗುಳುಗುಳು ಎಂದು ಊದುತ್ತದೆ, ಮೀನಿನ ಗಾಜುಪೆಟ್ಟಿಗೆಯ ಹಾಗೆ, ಮೀನಿನ ಬದಲು ಕಣ್ಣಿಗೆ ಕಾಣದ ಹುಳ, ಆಮೇಲೆ ಕ್ಲೋರಿನ್ ಗುಳಿಗೆ, ಆಮೇಲೆ ಮೂರನೆಯ ತೊಟ್ಟಿ, ಅಲ್ಲಿಂದ ಪಂಪು ತಳ್ಳಿದರೆ ನಮ್ಮದೇ ಹುಲ್ಲಿನ ಮೇಲೆ ನಮ್ಮದೇ ನೀರು ಸುಯ್ಯೆಂದು ಚಿಮ್ಮುತ್ತದೆ, ಅದಕ್ಕೇ ಈ ಜಿಲ್ಲೆಗೆಲ್ಲ ನಮ್ಮ ಹುಲ್ಲೇ ಹಸಿರು. ಗುಳಿಗೆ ಎಂದರೆ ಇದಕ್ಕೆಂದೇ ಮಾಡಿದ ಗುಳಿಗೆ, ಹಾರ್ಲನ್ ಒಮ್ಮೆ ಈಜುಕೊಳದ್ದು ತಂದು ಸುರಿದ, ಎರಡೂ ಬೆಳ್ಳಗೇ ಇದಾವಲ್ಲ ಎಂದ, ಅದು ಕೊಳವೆಯನ್ನೇ ತಿಂದುಹಾಕಿತು, ವಾಸನೆಗೆ ನಾಯಿ ಪಕ್ಕದ ಹೊಲಕ್ಕೆ ಓಡಿಹೋಗಿ ಮಾರನೆಯ ದಿನ ಬಂತು. ಅಂದಿನಿಂದ ಇದು ನನ್ನ ಕೆಲಸ, ಕೌಂಟಿಯವರ ತರಗತಿಗೆ ಹೋಗಿ ಕಲಿತೆ, ಎಲ್ಲ ಗಂಡಸರ ಮಧ್ಯೆ ನಾನೊಬ್ಬಳೇ ಹೆಂಗಸು. ಬಾತ್‌ರೂಮಿನಲ್ಲಿ ಬೋರ್ಡು ಬರೆದು ತೂಗುಹಾಕಿದ್ದೇನೆ, ನೀವು ತಿಂದು ಕುಡಿದದ್ದು, ಅದರ ಜೊತೆ ಕಾಗದ, ಬೇರೇನೂ ಬೇಡ ಎಂದು, ಸುತ್ತ ಗುಲಾಬಿ ಬಿಡಿಸಿದ್ದೇನೆ, ಒರಟಾಗಿ ಕಾಣಬಾರದಲ್ಲ. ಆದರೂ ಯಾರೋ ಹಾಕುತ್ತಾರೆ. ಯಾರೋ ಏನು, ನನಗೆ ಗೊತ್ತು ಯಾರು ಎಂದು, ಸ್ಯಾನ್ ಆಂಟೋನಿಯೋದಿಂದ ಬಂದ ಹೊಸದರಲ್ಲಿ ಒದ್ದೆ ಟಿಶ್ಯೂ ಹಾಕಿದ್ದವಳು ಅವಳೇ ತಾನೆ, ನನ್ನ ಸೊಸೆ ಯೆಸೇನಿಯಾ, ಆಗ ತಪ್ಪಾಯ್ತು ಮಿಸ್ ವಿನೆಲ್, ಗೊತ್ತಿರಲಿಲ್ಲ ಎಂದಿದ್ದಳು, ನನ್ನನ್ನು ಅವಳು ಕರೆಯುವುದೇ ಹಾಗೆ, ಕ್ಷಮಿಸಿದ್ದೆ, ಒಂದು ಸಲ ಕ್ಷಮಿಸಬಹುದು.

ತಿರುಪು ಬಂತು. ದೇವರೇ, ಈ ವಾಸನೆ, ಇರಲಿ, ನಮ್ಮದೇ. ನೀರು ಮೇಲಿನ ಗುರುತನ್ನೂ ದಾಟಿದೆ, ಎಂದರೆ ಪಂಪಿಗೇ ಏನೋ ಸುತ್ತಿಕೊಂಡಿದೆ, ಮೊದಲ ತೊಟ್ಟಿಯಲ್ಲೇ ನಿಲ್ಲಬೇಕಿದ್ದದ್ದು ಇಲ್ಲಿಯವರೆಗೆ ಬರುತ್ತದೆ, ನಡುವಿನ ತಡೆ ಮುರಿದಿದೆಯಲ್ಲ, ಅದನ್ನೂ ಹಾರ್ಲನ್ ಸರಿ ಮಾಡುತ್ತಾನಂತೆ, ಬ್ರಿಸ್ಕೆಟ್ ಬೆಂದ ಮೇಲೆ. ಪಂಪಿನ ಕರೆಂಟು ತೆಗೆದೆನೇ, ತೆಗೆದೆ, ತೆಗೆದಿದ್ದೇನೆ. ಹಗ್ಗ ಎಲ್ಲಿ. ಅಂಗಳದ ಆಚೆ ಕಾರಿನ ಬಾಗಿಲು ತೆರೆದ ಸದ್ದು, ಯೆಸೇನಿಯಾ ಬಟ್ಟೆಯ ಪೆಟ್ಟಿಗೆ ಇಡುತ್ತಿದ್ದಾಳೆ, ತಾಯಿಯ ಮನೆಗೆ ಹೋಗುತ್ತಾಳಂತೆ, ನನ್ನ ಮಗ ಟ್ರೇಸ್ ಎಣ್ಣೆಬಾವಿಯ ಕೆಲಸ ಮುಗಿಸಿ ಬಂದಮೇಲೆ ನೋಡೋಣ ಎಂದಳು, ನೋಡೋಣ ಎಂದರೆ ಏನು ಅರ್ಥ, ಅವನು ಬಂದು ಹೆಂಡತಿ ಎಲ್ಲಿ ಎಂದರೆ ನಾನು ಏನು ಹೇಳಲಿ, ಪೈಪು ಕಟ್ಟಿತ್ತು ಅದಕ್ಕೆ ಹೋದಳು ಎನ್ನಲೇ. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಎಲ್ಲರೂ ಇದ್ದರು, ಹಾರ್ಲನ್, ಅತ್ತೆ, ಹೂ ಕೊಡಲು ಬಂದಿದ್ದ ಫ್ರೀಡಾ ಕೂಡ, ಅವರೂ ಕೇಳಲಿ ಎಂದೇ ಯೆಸೇನಿಯಾಗೆ ಹೇಳಿದೆ, ನಿಮ್ಮೂರಲ್ಲಿ ಒತ್ತಿದ್ರೆ ಊರಿನ ಪೈಪಿಗೆ ಹೋಗುತ್ತಮ್ಮಾ, ಇಲ್ಲಿ ಒತ್ತಿದ್ರೆ ನನ್ನ ಕೈಗೆ ಬರುತ್ತೆ. ಫ್ರೀಡಾ ಕಪ್ಪಿನೊಳಗೆ ನಕ್ಕಳು. ಯೆಸೇನಿಯಾ ಚಮಚ ಕೆಳಗಿಟ್ಟು, ನಾನು ಹಾಕಿಲ್ಲ ಎಂದಳು, ಅಷ್ಟೇ, ಜಗಳವಾಡಲಿಲ್ಲ, ಜಗಳವಾಡಿದ್ದರೆ ನನಗೂ ಸಮಾಧಾನವಿರುತ್ತಿತ್ತು. ಅತ್ತೆ ಅಂಜೂರದ ಜಾಮ್ ಎಲ್ಲಿ ಎಂದು ಕೇಳಿದರು.

ಅತ್ತೆ ಹಾಗೇ. ಆರ್ಡೆಲ್ ಎಂದರೆ ಇಡೀ ಶಾಲೆಯ ಅಡುಗೆಮನೆ ನಡೆಸಿದ ಹೆಂಗಸು, ನಾಲ್ಕು ನೂರು ಮಕ್ಕಳ ಉಗುರು ನೋಡಿ ಊಟಕ್ಕೆ ಬಿಡುತ್ತಿದ್ದವರು, ಈ ವಯಸ್ಸಿನಲ್ಲೂ ಶುಕ್ರವಾರ ಬಂದರೆ ಕೂದಲು ಸುರುಳಿ ಮಾಡಿಸಲೇಬೇಕು, ಈಚೆಗೆ ಶಿಸ್ತು ಇನ್ನೂ ಬಿಗಿ, ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ, ನನ್ನ ಹಾಸಿಗೆ ಬಟ್ಟೆ ನಾನೇ ಒಗೀತೀನಿ, ನೀನು ಮುಟ್ಟಬೇಡ, ನಿನಗೆ ಮಡಚೋಕೆ ಬರಲ್ಲ ಎನ್ನುತ್ತಾರೆ. ನನಗೆ ಏನೂ ಬರುವುದಿಲ್ಲ ಅವರ ಲೆಕ್ಕದಲ್ಲಿ. ಕ್ರಿಸ್‌ಮಸ್‌ಗೆ ರಾತ್ರಿಯಂಗಿ ಹೊಲಿದುಕೊಟ್ಟೆ, ಹಳದಿ ಫ್ಲ್ಯಾನಲ್, ಅದರ ಮೇಲೆ ಸಣ್ಣ ನೀಲಿ ಹೂ, ಆ ಬಟ್ಟೆಗಾಗಿ ಮೂರು ಅಂಗಡಿ ಸುತ್ತಿದೆ, ಅಂಚಿಗೆ ಎರಡು ಸಾಲು ಹೊಲಿಗೆ, ಬೇಗ ಬಿಡಬಾರದು ಎಂದು, ಹಾಕಿಕೊಂಡರು, ಚೆನ್ನಾಗಿದೆ ಎಂದರು, ಬೇಸಿಗೆ ಕಳೆದ ಮೇಲೆ ತಂತಿಯ ಮೇಲೆ ಒಂದು ದಿನವೂ ಕಾಣಲಿಲ್ಲ, ಎಲ್ಲಿ ಎಂದರೆ ಎಲ್ಲೋ ಇರಬೇಕು ಎಂದರು, ಚರ್ಚಿನ ಹಳೆಬಟ್ಟೆ ಡಬ್ಬಿಗೆ ಹಾಕಿದ್ದಾರೆ ಅಷ್ಟೇ, ನನಗೆ ಗೊತ್ತು, ಮತ್ತೆ ಕೇಳಲಿಲ್ಲ, ಆ ನೀಲಿ ಹೂ ಮಾತ್ರ ಮರೆತಿಲ್ಲ. ಎಳೆ, ಬಾ, ಬಾರೇ, ಕಲ್ಲಿನ ಹಾಗಿದೆ ಈ ಪಂಪು, ಹಗ್ಗ ಅಂಗೈ ಕೊಯ್ಯುತ್ತಿದೆ, ಬಂತು, ಹುಲ್ಲಿನ ಮೇಲೆ ಬಂತು, ನೋಡು, ನಾನು ಹೇಳಲಿಲ್ಲವೇ, ಬಟ್ಟೆ, ಹೆಣೆದ ಜಡೆಯಂತೆ ಸುತ್ತಿಕೊಂಡಿದೆ, ಒಂದಲ್ಲ, ಪಟ್ಟಿ ಪಟ್ಟಿ, ಈಗ ತೋರಿಸುತ್ತೇನೆ ಅವಳಿಗೆ, ಕಾರು ಹೊರಡುವ ಮೊದಲೇ ಕೈಗೇ ಇಡುತ್ತೇನೆ — ಕೊಳವೆಯ ನೀರು ಬಿಟ್ಟು ತೊಳೆದರೆ ಬೂದಿ ಬಣ್ಣ ಬಿಟ್ಟಿತು, ಹಳದಿ. ಹಳದಿ, ಅದರ ಮೇಲೆ ಸಣ್ಣ ನೀಲಿ ಹೂ. ಅಂಚಿಗೆ ಎರಡು ಸಾಲು ಹೊಲಿಗೆ.

ತಲೆ ಎತ್ತಿದೆ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ, ಹುಟ್ಟುಹಬ್ಬಕ್ಕೆಂದು ಮಾಡಿಸಿದ ಸುರುಳಿ ಕೂದಲು, ಕೊರಳಿಗೆ ಮುತ್ತಿನ ಸರ, ನನ್ನ ಕೈಯನ್ನೇ ನೋಡುತ್ತಿದ್ದಾರೆ, ಪರದೆ ಎಳೆಯಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ, ಬೆಳಕು ಹರಿಯುವ ಮೊದಲಿನ ಸ್ನಾನ, ಮುಟ್ಟಬಾರದ ಹಾಸಿಗೆ ಬಟ್ಟೆ, ಅಯ್ಯೋ, ನಾನೆಂಥ ದಡ್ಡಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ, ಎದ್ದೆ, ಬಟ್ಟೆಯನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು ಕಾರಿನ ಹತ್ತಿರ ನಡೆದೆ, ಪೆಟ್ಟಿಗೆ ಇಳಿಸಮ್ಮಾ, ತಪ್ಪು ನಂದು ಎಂದೆ. ಯೆಸೇನಿಯಾ ನನ್ನ ಮುಖ ನೋಡಲಿಲ್ಲ, ಬೆರಳ ಸಂದಿಯಲ್ಲಿ ಇಣುಕುತ್ತಿದ್ದ ಹಳದಿ ನೋಡಿದಳು, ಅಜ್ಜಿಗೆ ತೋರಿಸಬೇಡಿ ಎಂದಳು. ನಿನಗೆ ಗೊತ್ತಿತ್ತಾ ಎಂದೆ. ಬೇಸಿಗೆ ಮುಗಿದಾಗಿನಿಂದ ಗೊತ್ತು ಮಿಸ್ ವಿನೆಲ್, ರಾತ್ರಿ ಮೂತ್ರ ತಡೆಯೋಕಾಗಲ್ಲ ಅವರಿಗೆ, ಬಟ್ಟೆ ಹರಿದು ಒಳಗಿಟ್ಟುಕೊಳ್ತಾರೆ, ದೊಡ್ಡವರ ಡೈಪರ್ ಅಂಗಡೀಲಿ ಸಿಗುತ್ತೆ, ತಂದುಕೊಡ್ತೀನಿ ಅಂದೆ, ಅತ್ತುಬಿಟ್ಟರು, ಹಾರ್ಲನ್‌ಗೆ ಗೊತ್ತಾದ್ರೆ ಮುದುಕರ ಮನೆಗೆ ಸೇರಿಸ್ತಾನೆ ಅಂದ್ರು, ಬಟ್ಟೆನ ನನ್ನ ಕೈಗೆ ಕೊಡಿ ಅಂದಿದ್ದೆ, ಕೆಲವು ಸಲ ಕೊಟ್ಟರು, ಕೆಲವು ಸಲ ನಾಚಿಕೆಯಿಂದ ಒತ್ತಿಬಿಟ್ಟರು. ಮತ್ತೆ ಬೆಳಿಗ್ಗೆ ಯಾಕೆ ಹೇಳಲಿಲ್ಲ, ನಾನು ಅಷ್ಟು ಅಂದರೂ, ಎಂದು ಕೇಳಿದೆ. ಅವಳು ಈಗ ನನ್ನ ಮುಖ ನೋಡಿದಳು. ಎಲ್ಲರ ಎದುರಿಗಾ ಎಂದಳು.

ಎಲ್ಲರ ಎದುರಿಗೆ. ನಾನು ಎಲ್ಲರ ಎದುರಿಗೇ ಅಂದಿದ್ದೆ. ಪಂಪು ಇಳಿಸಿದೆ, ಮುಚ್ಚಳ ಬಿಗಿದೆ, ಕರೆಂಟು ಕೊಟ್ಟೆ, ಸುಯ್ಯೆಂದು ನೀರು ಚಿಮ್ಮಿತು, ಆಗಲೇ ಬಂದಿಳಿದ ಚರ್ಚಿನ ಹೆಂಗಸರು ಪಾತ್ರೆಗಳನ್ನು ತಲೆಯ ಮೇಲೆ ಹಿಡಿದು ಓಡಿದರು, ಕೆಂಪು ದೀಪ ಆರಿತು, ಹಾರ್ಲನ್ ಮಾಂಸದ ಹಲಗೆ ಹೊತ್ತು ಬಂದು ಮೇಜಿನ ಮಧ್ಯೆ ಇಟ್ಟು, ಏನಿತ್ತಂತೆ ಡಾರ್ಲಿಂಗ್, ಸಿಕ್ಕಿಬಿದ್ದಳಾ ಕಳ್ಳಿ ಎಂದ, ಫ್ರೀಡಾ ಬಾಯಿ ತೆರೆದು ಕಾಯುತ್ತಿದ್ದಾಳೆ, ಯೆಸೇನಿಯಾ ಬಾಗಿಲಲ್ಲಿ, ಪೆಟ್ಟಿಗೆ ಇನ್ನೂ ಕೈಯಲ್ಲೇ, ಸಿಕ್ಕಿಬಿದ್ದಳು ಎಂದೆ, ಎಲ್ಲರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ, ನಾನೇ, ನೆಲ ಒರೆಸೋ ಬಟ್ಟೆ ನಾನೇ ಬೀಳಿಸಿ ಒತ್ತಿಬಿಟ್ಟಿದ್ದೆ, ಯೆಸೇನಿಯಾ ಏನೂ ಹಾಕಿಲ್ಲ. ಹಾರ್ಲನ್ ಮೇಜು ಕುಟ್ಟಿ ನಕ್ಕ, ಗುಲಾಬಿ ಬಿಡಿಸಿದ ಬೋರ್ಡು ಇನ್ನು ನಿನ್ನ ಕೊರಳಿಗೇ ಹಾಕ್ತೀನಿ ಎಂದ, ಫ್ರೀಡಾ ನಕ್ಕಳು, ನಗಲಿ, ಮುಂದಿನ ಭಾನುವಾರದವರೆಗೆ ನಗಲಿ, ಪೆಟ್ಟಿಗೆ ನೆಲಕ್ಕೆ ತಾಗಿದ ಸದ್ದು ನನಗೆ ಕೇಳಿತು. ಅತ್ತೆ ನಗಲಿಲ್ಲ, ಅಂಜೂರದ ಜಾಮ್ ಬಾಟಲಿಯನ್ನು ನಿಧಾನವಾಗಿ ಯೆಸೇನಿಯಾ ಕೂರುವ ಜಾಗದ ಮುಂದೆ ಸರಿಸಿದರು, ಗಂಟು ಕಟ್ಟಿದ ಬೆರಳು, ಬಾಟಲಿಯ ಮುಚ್ಚಳ ತೆಗೆಯಲೂ ಆಗದ ಬೆರಳು, ಆ ಬೆರಳಿನಿಂದ ಹೇಗೆ ಹರಿದರು, ಕತ್ತರಿಯ ಗುರುತಿಲ್ಲ, ನಾನು ಬಿಡಬಾರದೆಂದು ಹಾಕಿದ ಎರಡು ಸಾಲು ಹೊಲಿಗೆ, ಕತ್ತಲಲ್ಲಿ, ದೀಪ ಹಾಕದೆ, ಯಾರಿಗೂ ಕೇಳಿಸದಂತೆ, ಕೇಕಿನ ಮೇಲೆ ಮೇಣದಬತ್ತಿ ಹಚ್ಚುತ್ತಿದ್ದಾರೆ, ಯಾರೋ ಹಾಡು ಎತ್ತಿಕೊಂಡರು, ನಾನೂ ಬಾಯಿ ಆಡಿಸುತ್ತಿದ್ದೇನೆ, ಪ್ಯಾಂಟಿನ ಜೇಬಿನಲ್ಲಿ ನನ್ನ ಕೈ, ಕೈಯಲ್ಲಿ ಒದ್ದೆ ಬಟ್ಟೆ, ಹರಿದ ಅಂಚು, ಹಳದಿ, ನೀಲಿ ಹೂ, ಸಣ್ಣ ನೀಲಿ ಹೂ